ಎರಡು ಗೀರಿನ ಚಮಚ

ಅಡಿಲೇಡ್
ಸೋಮವಾರ, 9 ಸೆಪ್ಟೆಂಬರ್ 1974

ಪ್ರೀತಿಯ ಡಲ್ಸಿ ಅತ್ತೆಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಇದಿಷ್ಟು ಓದಿ: ರಜೆಯಲ್ಲಿ ನಾನು ಕಟ್ಟಿಕೊಟ್ಟ ನಲವತ್ತು ತೋಟೆಗಳಲ್ಲಿ ಒಂದನ್ನೂ ಹಾರಿಸಬೇಡಿ. ಕೋವಿಯಲ್ಲಿ ಒಂದು ಇದ್ದರೆ ಪತ್ರ ಕೆಳಗಿಟ್ಟು, ಹೋಗಿ ತೆಗೆದುಬಿಡಿ. ಅವುಗಳಲ್ಲಿ ಮದ್ದು ಹೆಚ್ಚಾಗಿದೆ. ಸ್ವಲ್ಪ ಹೆಚ್ಚಲ್ಲ, ಕೋವಿ ಒಡೆಯುವಷ್ಟು ಹೆಚ್ಚು.

ತೆಗೆದಿರಾ? ಹಾಗಾದರೆ ಮುಂದೆ ಬರೆಯುತ್ತೇನೆ.

ಇದನ್ನು ತಂತಿ ಕೊಟ್ಟು ಹೇಳಬಹುದಿತ್ತು. ಆದರೆ ತಂತಿ ಅಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಎರಡು ಗಂಟೆಗೆ ಕೇಂದ್ರದವರು ಅದನ್ನು ಫಾರ್ಮುಗಳವರೆಲ್ಲ ಮಾತಾಡಿಕೊಳ್ಳುವ ರೇಡಿಯೋದಲ್ಲಿ ಗಟ್ಟಿಯಾಗಿ ಓದುತ್ತಾರೆ, ಇನ್ನೂರು ಮೈಲಿಯೊಳಗಿನ ಎಲ್ಲ ಅಡುಗೆಮನೆಗಳೂ ಚಹಾ ಕುಡಿಯುತ್ತ ಕೇಳುತ್ತವೆ. ಪಕ್ಕದ ಫಾರ್ಮಿನ ಮರ್ವ್ ಅಂತೂ ರೇಡಿಯೋವನ್ನು ಕಿವಿಗೇ ಸಿಕ್ಕಿಸಿಕೊಂಡು ಕೂತಿರುತ್ತಾನೆ. ನೀವು ಕಾಡುನಾಯಿ ಹೊಡೆಯಲು ಹೊರಡುವುದು ತಿಂಗಳ ಕೊನೆಗಲ್ಲವೆ? ಶನಿವಾರದ ಟಪಾಲು ವಿಮಾನದಲ್ಲಿ ಈ ಪತ್ರ ಅದಕ್ಕೆ ಮೊದಲೇ ನಿಮ್ಮ ಕೈ ಸೇರುತ್ತದೆ. ಹಾಗಾಗಿ ಪತ್ರ.

ಅಜ್ಜ ಉಯಿಲಿನಲ್ಲಿ ಕೋವಿಗಳನ್ನು ನಿಮಗೆ ಬರೆದು, ತೋಟೆ ಕಟ್ಟುವ ಸಾಮಾನನ್ನೆಲ್ಲ ನನಗೆ ಬರೆದದ್ದು ಯಾಕೆ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಇಪ್ಪತ್ತು ವರ್ಷ ಅವರ ಜೊತೆ ಬೇಲಿ ಕಟ್ಟಿದ ಮಗಳು ನೀವು. ಅಮ್ಮ ಇಂಗ್ಲೆಂಡಿಗೆ ವಾಪಸು ಹೋದ ಮೇಲೆ ನನ್ನನ್ನು ಎಂಟನೇ ವಯಸ್ಸಿಗೇ ಹಾಸ್ಟೆಲ್ಲಿಗೆ ಹಾಕಿದರು; ವರ್ಷಕ್ಕೆ ಮೂರು ಸಲ ನೆಂಟಳ ಹಾಗೆ ಬಂದುಹೋದವಳು ನಾನು. ಆದರೂ ನನಗೇ ಯಾಕೆ ಕೊಟ್ಟರು? ನನ್ನ ಪತ್ರಗಳಿಂದ, ಅತ್ತೆ. ಹಾಸ್ಟೆಲ್ಲಿನಿಂದ ಅಜ್ಜನಿಗೆ ಬರೆಯಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಕೋವಿ ಕ್ಲಬ್ಬಿಗೆ ಸೇರಿದ್ದೇನೆ ಅಂತ ಒಮ್ಮೆ ಬರೆದೆ. ಮರುವಾರವೇ ನಾಲ್ಕು ಹಾಳೆ ಉತ್ತರ ಬಂತು, ಅಜ್ಜ ಅದುವರೆಗೆ ಅರ್ಧ ಹಾಳೆ ದಾಟಿದವರಲ್ಲ. ಆಮೇಲೆ ನಾಲ್ಕು ವರ್ಷ ಸುಳ್ಳಿನ ಮೇಲೆ ಸುಳ್ಳು: ತೋಟೆ ಕಟ್ಟಲು ಕಲಿತೆ, ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಲು ಕಲಿತೆ. ಆ ಕ್ಲಬ್ಬಿನ ಬಾಗಿಲವರೆಗೆ ಹೋದದ್ದು ಒಂದೇ ಸಲ. ಒಳಗೆ ಎಲ್ಲರೂ ನಗುತ್ತಿದ್ದರು. ತಿರುಗಿ ಬಂದೆ.

ಉಯಿಲು ಓದಿದ ಮರುದಿನ ಮರ್ವ್ ರೇಡಿಯೋದಲ್ಲಿ ಏನಂದ, ನೆನಪಿದೆಯಲ್ಲ? “ಏನ್ ಡಲ್ಸಿ, ನಿಮ್ಮ ಅರ್ಧ ಇಂಗ್ಲಿಷ್ ಹುಡುಗಿಗೆ ಕೋವಿಯ ಹಿಂದ್ಯಾವ್ದು ಮುಂದ್ಯಾವ್ದು ಗೊತ್ತೇನಮ್ಮಾ?” ನೀವು ತಡಮಾಡಲೇ ಇಲ್ಲ. “ನಮ್ಮ ಹುಡುಗಿ ಕಣ್ಮುಚ್ಕೊಂಡು ತೋಟೆ ಕಟ್ತಾಳೆ ಕಣೋ. ನೀನು ಕಣ್ಬಿಟ್ಕೊಂಡ್ರೂ ಕುರಿ ಎಣಿಸೋಕಾಗಲ್ಲ” ಅಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲೇ ಹೇಳಿಬಿಡಬೇಕಿತ್ತು.

ಶೆಡ್ಡಿನ ಮೇಜಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಜ್ಜನ ನೋಟ್‌ಬುಕ್ಕಿತ್ತು. ಮೊದಲ ದಿನವೇ ಸಿಕ್ಕಿತು. ನಿಮಗೆ ತೋರಿಸಲಿಲ್ಲ. ಒಬ್ಬಳೇ ಕೂತು ಓದಿ, ಎಲ್ಲ ಗೊತ್ತಿದ್ದವಳ ಹಾಗೆ ಎದುರಿಗೆ ನಿಲ್ಲೋಣ ಅಂತ ನನ್ನ ಚೀಲದ ತಳಕ್ಕೆ ಹಾಕಿಕೊಂಡೆ. ಓದುವ ಮೊದಲೇ ನೀವು ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದಿರಿ. “ಬಾ ಹಾಸ್ಟೆಲ್ ರಾಣಿ, ಇದೆಲ್ಲ ಏನು ಅಂತ ನಂಗೂ ಒಂದಿಷ್ಟು ಹೇಳು. ಅಪ್ಪ ನನ್ನನ್ನ ಹತ್ರಾನೂ ಸೇರಿಸ್ತಿರಲಿಲ್ಲ” ಅಂದಿರಿ. ಆ ಮಾತಿನಲ್ಲಿ ನೋವಿತ್ತು. ನನಗೆ ಕೇಳಿಸಿತು, ಆದರೂ ಯಜಮಾನಿಯ ಹಾಗೆ ಮುಂದೆ ನಿಂತೆ.

ಹಿಡಿ ಎಳೆದರೆ ಒತ್ತುವ ಯಂತ್ರ ಯಾರಿಗಾದರೂ ಗೊತ್ತಾಗುತ್ತದೆ, ಅದನ್ನು ಸರಿಯಾಗಿಯೇ ಹೇಳಿದೆ. ಖಾಲಿ ಹಿತ್ತಾಳೆ ತೋಟೆಯನ್ನು ಮತ್ತೆ ಆಕಾರಕ್ಕೆ ತರುವ ಉಕ್ಕಿನ ಅಚ್ಚನ್ನೂ ಹೇಗೋ ಊಹಿಸಿದೆ. ತಲೆ ಪೊಳ್ಳಾಗಿರುವ ಆ ಸುತ್ತಿಗೆ ಇತ್ತಲ್ಲ, ಅದು ಗುಂಡನ್ನು ತಟ್ಟಿ ಕೂರಿಸುವುದಕ್ಕೆ ಅಂದೆ. ಅಲ್ಲ, ಅತ್ತೆ. ತಪ್ಪಾಗಿ ಕಟ್ಟಿದ ತೋಟೆಯನ್ನು ಬಿಚ್ಚುವುದಕ್ಕೆ. “ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಇದೇ” ಅಂತ ಅಜ್ಜ ಅದರ ಚಿತ್ರದ ಪಕ್ಕದಲ್ಲಿ ಬರೆದಿದ್ದಾರೆ.

ಆಮೇಲೆ ತಕ್ಕಡಿ. “ತೂಗೋದು ಬೇಡ್ವಾ? ಕೆಮಿಸ್ಟ್ರಿ ಓದೋಳು ನೀನು” ಅಂದಿರಿ. ಅದರ ಮುಳ್ಳು ಎಷ್ಟು ಸರಿಮಾಡಿದರೂ ಸೊನ್ನೆಗೆ ಬಂದು ನಿಲ್ಲುತ್ತಿರಲಿಲ್ಲ. ಅದರ ಮೇಲಿನ ತೂಕದ ಗುರುತುಗಳನ್ನು ಓದುವುದೂ ನನಗೆ ಬರಲಿಲ್ಲ. “ಅಜ್ಜ ಚಮಚದಲ್ಲೇ ಅಳೀತಿದ್ರು ಅತ್ತೆ, ತಕ್ಕಡಿ ಸುಮ್ನೆ ಅಂದಕ್ಕೆ” ಅಂದುಬಿಟ್ಟೆ. ನೀವು ನಂಬಿದಿರಿ. ಚಮಚ ಎರಡಿದ್ದವು, ಹಳೇ ತೋಟೆ ಕತ್ತರಿಸಿ ತಂತಿಯ ಹಿಡಿ ಬೆಸೆದವು. ಒಂದರ ಮೇಲೆ ಒಂದು ಗೀರು, ಇನ್ನೊಂದರ ಮೇಲೆ ಎರಡು. ಯಾವುದು ಅಂತ ಕೇಳಿದಿರಿ. ಎರಡು ಗೀರಿನದು ಅಂದೆ. ಯಾಕೆ ಹಾಗಂದೆನೋ, ಈಗಲೂ ಗೊತ್ತಿಲ್ಲ.

ಇದನ್ನು ಬರೆಯಲು ಕೈ ಬರುತ್ತಿಲ್ಲ: ಎರಡನೆಯ ತೋಟೆಗೇ ನನಗೆ ಅನುಮಾನ ಬಂದಿತ್ತು. ಮದ್ದು ಕುತ್ತಿಗೆಯವರೆಗೂ ಬಂದಿತ್ತು. ಗುಂಡು ಕೂರಿಸಿದಾಗ ಒಳಗೆ ಕರಕರ ಅಂತು. ನೋಟ್‌ಬುಕ್ಕು ಮೂವತ್ತು ಹೆಜ್ಜೆ ದೂರದಲ್ಲಿ, ನನ್ನ ಮಂಚದ ಕೆಳಗಿನ ಚೀಲದಲ್ಲಿತ್ತು. ಎದ್ದು ಹೋಗಿ ತಂದರೆ ಗೊತ್ತಿಲ್ಲ ಅನ್ನುವುದು ಬಯಲಾಗುತ್ತಿತ್ತು. ನೀವು ಪಕ್ಕದಲ್ಲಿ ಕೂತು ಕೇಪು ಎತ್ತಿಕೊಡುತ್ತ, ಅಜ್ಜನ ಕತೆ ಹೇಳಿ ನಗುತ್ತಿದ್ದಿರಿ. ನನ್ನ ಜೊತೆ ಹಾಗೆ ನಕ್ಕದ್ದು ಅದೇ ಮೊದಲು. ನಲವತ್ತನೆಯದರವರೆಗೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ, ಭಾನುವಾರ, ಪುಸ್ತಕ ಬಿಚ್ಚಿದೆ. ಎರಡು ಗೀರಿನದು ನಾನು ಹುಟ್ಟುವ ಮೊದಲೇ ಮಾರಿದ ದೊಡ್ಡ ಕೋವಿಯದಂತೆ. ಒಂದು ಗೀರಿನದರ ಪಕ್ಕ “ಡಲ್ಸಿಯ ಕೋವಿಗೆ, ಇದರಲ್ಲಿ ಅಳೆದರೂ ತೂಗಲೇಬೇಕು” ಅಂತ ಕೆಂಪು ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ಮೊದಲ ಪುಟದಲ್ಲಿ ನನಗೊಂದು ಸಾಲು: “ಗ್ಲೆನಿಸ್, ಗೊತ್ತಾಗದ್ದನ್ನು ಡಲ್ಸಿಗೆ ಕೇಳು. ಅವಳಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಕೂತು ಇದನ್ನು ಓದಿ.”

ತೋಟೆಗಳಿಗೆ ಬೀಗ ಹಾಕಿಡಿ, ನೀವು ಬಿಚ್ಚಲು ಹೋಗಬೇಡಿ. ಡಿಸೆಂಬರಿನಲ್ಲಿ ಪುಸ್ತಕ ತರುತ್ತೇನೆ. ನೀವು ಓದಿ ಹೇಳಿ, ನಲವತ್ತನ್ನೂ ನಾನೇ ಒಂದೊಂದಾಗಿ ಬಿಚ್ಚುತ್ತೇನೆ. ನಾನು ಬರುವುದು ನಿಮಗೆ ಬೇಕಿದ್ದರೆ.

ನಿಮ್ಮ ತಮ್ಮನ ಮಗಳು,
ಗ್ಲೆನಿಸ್

ಮರೆತ ಮಾತು, ಮಂಗಳವಾರ: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ತಿಂಗಳ ಕೊನೆ ಅಂತ ಬರೆದೆ. ಮೊನ್ನೆ ಶನಿವಾರ ವಿಮಾನ ಹತ್ತಿಸುವಾಗ ನೀವು ಹೇಳಿದ್ದು “ಬರೋ ಗುರುವಾರ ನಾಯಿಗೆ ನಿನ್ನ ತೋಟೆ ರುಚಿ ತೋರಿಸ್ತೀನಿ” ಅಂತ. ಈ ಪತ್ರ ಶನಿವಾರ ಬರುತ್ತದೆ. ಅದು ಗೊತ್ತಿದ್ದೂ ಇಷ್ಟುದ್ದ ಬರೆದೆ. ನಿನ್ನೆ ಸಹಿ ಹಾಕಿದ ಮೇಲೆ ನಿಮ್ಮ ಕೆನ್ನೆ ಕೋವಿಯ ಮರದ ಹಿಡಿಗೆ ಒರಗುವುದು ಕಣ್ಣಿಗೆ ಕಟ್ಟಿತು. ಅಂಚೆ ಕಚೇರಿಗೆ ಓಡಿದೆ. ತಂತಿ ಗುಮಾಸ್ತೆ ನಾನು ಬರೆದುಕೊಟ್ಟದ್ದನ್ನು ಓದಿ, “‘ತೋಟೆ ಕೆಟ್ಟಿದೆ’ ಅಂದ್ರೆ ಸಾಕಲ್ವೇನಮ್ಮ? ‘ನಂಗೆ ಏನೂ ಗೊತ್ತಿರಲಿಲ್ಲ, ಸುಳ್ಳು ಹೇಳಿದ್ದೆ’ ಅನ್ನೋದು ಯಾಕೆ? ಊರೆಲ್ಲ ಕೇಳುತ್ತೆ” ಅಂದರು. “ಅಷ್ಟು ಹೇಳದಿದ್ರೆ ಅತ್ತೆ ನಂಬಲ್ಲ” ಅಂದೆ.

ನಿಮ್ಮ ಉತ್ತರದ ತಂತಿ ಇಂದು ಬೆಳಿಗ್ಗೆ ಬಂತು. ಅದನ್ನು ನನ್ನ ಕೈಯಾರೆ ಒಮ್ಮೆ ಬರೆಯದೆ ಈ ಪತ್ರ ಮುಗಿಯುವುದಿಲ್ಲ: “ಭಾನುವಾರ ಒಂದು ಹಾರಿಸಿದೆ. ಕೋವಿಯ ಬೋಲ್ಟು ಕಚ್ಚಿಕೊಂಡಿತು. ಕೆನ್ನೆ ಸುಟ್ಟಿದೆ, ಕಣ್ಣು ಉಳಿದಿದೆ. ಕೋವಿಗೆ ವಯಸ್ಸಾಯಿತು ಅಂದುಕೊಂಡು ಎಣ್ಣೆ ಹಾಕಿ ಗುರುವಾರಕ್ಕೆ ಇಟ್ಟಿದ್ದೆ. ನಿನ್ನ ಮೇಲೆ ಅನುಮಾನವೇ ಬರಲಿಲ್ಲ. ಡಲ್ಸಿ.”