ಕೋಕಿಲಾಳಿಗೆ ಟಿ.ಬಿ. ಇರಲಿಲ್ಲ

ಸಿ.ವಿ. ರಾಮನ್ ನಗರ
೧೨-೮-೨೦೦೩

ಕೆಳಗಿನ ಮನೆಯ ಮಾಲೀಕರು ಕೃಷ್ಣಸ್ವಾಮಿಯವರಿಗೆ ನಮಸ್ಕಾರ.

ಮನೆ ಖಾಲಿ ಮಾಡಿ ಎಂದಿರಲ್ಲ, ಅದಕ್ಕೆ ಇದು ಉತ್ತರ.

ನನ್ನ ಮಗಳು ಕೋಕಿಲಾಳ ಕಂಕುಳಲ್ಲಿ ಗಂಟು ಎದ್ದು ಜ್ವರ ಬಂದಾಗ, ಮೊದಲ ಡಾಕ್ಟರು ಟಿ.ಬಿ. ಇರಬಹುದು ಎಂದರು. ಅವರ "ಇರಬಹುದು" ನಿಮ್ಮ ಬಾಯಲ್ಲಿ "ಇದೆ" ಆಯಿತು. "ರೀ, ಆ ಕಾಯಿಲೆ ಹುಡುಗೀನ ಕೆಳಗೆ ಬಿಡ್ಬೇಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಿರಿ. ಆಮೇಲೆ ಅವಳ ಜೊತೆ ಆಡಲು ಒಂದು ಮಗುವೂ ಬರಲಿಲ್ಲ. "ಅಮ್ಮಾ, ನಾನು ಸತ್ಹೋಗ್ತೀನಾ?" ಎಂದು ಒಂಬತ್ತು ವರ್ಷದ ಹುಡುಗಿ ಕೇಳಿದಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಇನ್ನೊಬ್ಬ ಡಾಕ್ಟರು ಅವಳ ಕೈಮೇಲಿನ ಗೀರು ನೋಡಿ, "ಬೆಕ್ಕಿನ ಮರಿ ಜೊತೆ ಆಡ್ತೀಯಾ ಪುಟ್ಟಾ?" ಎಂದರು. ರಕ್ತ ಪರೀಕ್ಷೆಯಲ್ಲಿ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಗೊತ್ತಾಯಿತು. ಬೆಕ್ಕು ಪರಚಿ ಬರುವ ಕಾಯಿಲೆ ಇದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪರಚಿದ್ದು ನಿಮ್ಮ ಮನೆಯಲ್ಲೇ ಸಾಕಿರುವ ಮರಿ. ಗಂಟು ಈಗ ಇಳಿಯುತ್ತಿದೆ.

ನಾವು ಮನೆ ಖಾಲಿ ಮಾಡುವುದಿಲ್ಲ. ಸುಳ್ಳು ಕೂಗಿದವರು ನೀವು, ಬೀದಿಯವರಿಗೆ ನಿಜವನ್ನೂ ನೀವೇ ಹೇಳಬೇಕು. ಸಿಟ್ಟಿಗೆ ಆ ಮರಿಯನ್ನು ಹೊರಗೆ ಹಾಕಬೇಡಿ. ಬೆಕ್ಕಿಗೆ ಈ ಸೋಂಕು ತಗಲುವುದು ಚಿಗಟಗಳಿಂದ, ಅವಕ್ಕೆ ಔಷಧ ಹಾಕಿಸಿ.

ನಿನ್ನೆ ಗೇಟಿನ ಹತ್ತಿರ ನಿಮ್ಮ ಮೊಮ್ಮಗಳು ಕಾವೇರಿಯನ್ನು ನೋಡಿದೆ. ಅವಳ ದವಡೆಯ ಕೆಳಗೆ ಗಂಟೊಂದು ಎದ್ದಿದೆ. ಇವತ್ತೇ ಡಾಕ್ಟರಿಗೆ ತೋರಿಸಿ, ಬೆಕ್ಕಿನ ವಿಷಯವನ್ನು ಮೊದಲೇ ಹೇಳಿ.

ನಾನು ಯಾರಿಗೂ ಹೇಳಿಲ್ಲ.

ಇತಿ,
ಮೇಲಿನ ಮನೆಯ ಪ್ರಿಯಂವದಾ