ಕೆಳಗಿನ ಓಣಿ, ಮನೆ 113ರಿಂದ

ನವೆಂಬರ್ 3, ಸೋಮವಾರ. ಸಂಜೆ 6:45

1,460 ಪುಟ. ಶನಿವಾರಕ್ಕಿಂತ ಇನ್ನೂರು ಜಾಸ್ತಿ. ಬಸ್ಸಲ್ಲಿ ಕೂತಾಗಲೂ ಎಡಗೈ ಬೆರಳು ತಾನಾಗಿಯೇ ಒತ್ತುತ್ತಿತ್ತು — ಬಿ, ಬಿ, ಬಿ.

ಅಮ್ಮನಿಗೆ ನನ್ನ ಕೆಲಸ ಇವತ್ತೂ ಅರ್ಥ ಮಾಡಿಸಲು ಆಗಲಿಲ್ಲ. ದೆಹಲಿಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹಳೇ ಫೈಲುಗಳಿವೆ. ಅವುಗಳ ಸ್ಕ್ಯಾನ್ ಒಂದು ಡಿಸ್ಕಿನಲ್ಲಿ ನಮ್ಮ ಆಫೀಸಿಗೆ ಬರುತ್ತದೆ. ಕನ್ನಡದ ಪುಟ ಓದಿ ಒಂದು ಸಾಲು ವಿವರ ಟೈಪ್ ಮಾಡಬೇಕು. ಖಾಲಿ ಪುಟ ಬಂದರೆ ಬಿ ಒತ್ತಬೇಕು, ಬ್ಲ್ಯಾಂಕ್ ಅಂತ. ಒತ್ತಿದರೆ ಪುಟ ಪಟ್ಟಿಯಿಂದ ಹೋಗುತ್ತದೆ. ಅಷ್ಟೇ.

ಅಮ್ಮ ಕೇಳಿದ್ದು ಒಂದೇ. "ಖಾಲಿ ಹಾಳೆ ತೆಗೆಯೋಕೆ ಮನುಷ್ಯರು ಬೇಕಾ ಧೃತಿ?" ಆಮೇಲೆ ಪಿಯು ಪ್ರೈವೇಟ್ ಆಗಿ ಕಟ್ಟು ಅನ್ನುವ ಹಳೇ ಮಾತು. ಎದ್ದು ಬಂದೆ.

ಇವತ್ತು ಮುಗಿಸಿದ ಫೈಲು ಹಾಲಗುಂದಿ. ಉತ್ತರ ಕರ್ನಾಟಕದ ಪುಟ್ಟ ಊರು, ಆಗ ಅದೇ ಒಂದು ಸಂಸ್ಥಾನ. 1911, ಪ್ಲೇಗ್ ಬಂದ ವರ್ಷದ ಮನೆಗಳ ಪಟ್ಟಿ. ಅಚ್ಚಾದ ಫಾರಂ, ಮುಂದೆ ಮಸಿಯ ಬರಹ, ಹಿಂದೆ ಏನೂ ಇಲ್ಲ. ಮುಂದಿನದು ಓದು, ಹಿಂದಿನದಕ್ಕೆ ಬಿ. ನಮ್ಮ ಟೀಮ್ ಲೀಡ್ ಶ್ರೀಕರ್ ಮೊದಲ ದಿನವೇ ಹೇಳಿಕೊಟ್ಟದ್ದು: "ಬೆನ್ನು ನೋಡ್ತಾ ಕೂತ್ರೆ ಟಾರ್ಗೆಟ್ ಆಗಲ್ಲ." ಹನ್ನೆರಡು ಜನವೂ ಹಾಗೇ ಮಾಡುತ್ತೇವೆ. ನಾನು ಎಲ್ಲರಿಗಿಂತ ಫಾಸ್ಟ್.

ನವೆಂಬರ್ 6, ಗುರುವಾರ. ಬೆಳಿಗ್ಗೆ 9:05

ಕೆಂಚವ್ವ ಬಂದು ಪಕ್ಕದಲ್ಲಿ ನಿಂತರು. ಆಫೀಸ್ ಗುಡಿಸುವವರು, ಬಿಟಿಎಮ್‌ನಲ್ಲಿ ಮಗಳ ಜೊತೆ ಇರುವುದು. ಹಾಲಗುಂದಿಯವರಂತೆ! ಗೊತ್ತೇ ಇರಲಿಲ್ಲ. ನನ್ನ ಪಕ್ಕದ ಸೀಟಿನ ಸುಭಾಷ್ ಹೇಳಿದನಂತೆ, ನಿಮ್ಮೂರ ಫೈಲು ಧೃತಿ ಹತ್ರ ಬಂದಿದೆ ಅಂತ.

ಅವರ ತಮ್ಮ, ನೆಂಟರು ಎಲ್ಲ ಇರುವುದು ಅಲ್ಲಿ ಕೆಳಗಿನ ಓಣಿಯಲ್ಲಿ. ನೀವೆಲ್ಲ ಆಮೇಲೆ ಬಂದು ಗುಡಿಸಲು ಹಾಕಿದವರು, ಜಾಗ ಬಿಡಿ ಎಂದು ಪುರಸಭೆಯವರು ನೋಟಿಸ್ ಕೊಟ್ಟಿದ್ದಾರೆ. 28ಕ್ಕೆ ಕೋರ್ಟಿನಲ್ಲಿ ವಿಚಾರಣೆ. ಹಳೇ ಕಾಲದಿಂದ ಇದ್ದೆವು ಅನ್ನುವುದಕ್ಕೆ ಸರ್ಕಾರದ ಒಂದು ಕಾಗದ ತನ್ನಿ ಎಂದಿದ್ದಾರೆ ವಕೀಲರು.

"ನಮ್ಮ ಓಣಿ ಹೆಸರು ಅದರಾಗ ಐತೇನ, ಹೇಳವಾ."

ಇಲ್ಲ ಅಂದೆ. ಯೋಚನೆ ಕೂಡ ಮಾಡಲಿಲ್ಲ. ಪೂರ್ತಿ ಫೈಲು ನಾನೇ ಮಾಡಿದ್ದು, ಇದ್ದಿದ್ದರೆ ನೆನಪಿರುತ್ತಿತ್ತು ಅಂದೆ. ಪೊರಕೆ ಗೋಡೆಗೆ ಒರಗಿಸಿ ತಮ್ಮನಿಗೆ ಫೋನ್ ಮಾಡಿದರು. "ಇಲ್ಲಂತಪಾ. ಓದಿದ ಹುಡುಗಿ ಹೇಳ್ಯಾಳ."

ಓದಿದ ಹುಡುಗಿ. ಸೆಕೆಂಡ್ ಪಿಯು ಅರ್ಧಕ್ಕೆ ಬಿಟ್ಟವಳು.

ಸಂಜೆ 5:30

ನಾನೇ ಟೈಪ್ ಮಾಡಿದ ವಿವರ ಇವತ್ತು ತೆಗೆದು ನೋಡಿದೆ. "ಮನೆ 1ರಿಂದ 112. ಮನೆ 151ರಿಂದ 340."

ನಡುವಿನದು ಎಲ್ಲಿ?

ನವೆಂಬರ್ 7, ಶುಕ್ರವಾರ. ಬೆಳಿಗ್ಗೆ 8:20

ಎಲ್ಲರಿಗಿಂತ ಮುಂಚೆ ಬಂದೆ. ಡಿಸ್ಕಿನಲ್ಲಿ ಮೂಲ ಸ್ಕ್ಯಾನ್ ಇನ್ನೂ ಇದೆ. 112ನೇ ಮನೆಯ ಹಾಳೆಯ ಬೆನ್ನು ತೆಗೆದೆ. ಬೂದು ಬಣ್ಣ, ಖಾಲಿ. ಕಾಂಟ್ರಾಸ್ಟ್ ಹೆಚ್ಚಿಸಿದೆ.

ಪೆನ್ಸಿಲ್.

"ಕೆಳಗಿನ ಓಣಿ. ಫಾರಂ ಮುಗಿದಿರುತ್ತವೆ. ಈ ಓಣಿಗೆ ಹೊಸ ಫಾರಂ ತರಿಸಲು ಅಪ್ಪಣೆಯಾಗಲಿಲ್ಲ. ಬೆನ್ನಿಗೆ ಬರೆದಿದೆ." ಕೆಳಗೆ ಮನೆ 113, 114... ಒಂದೊಂದು ಬೆನ್ನಿಗೂ ಎರಡು ಮನೆ. ಹತ್ತೊಂಬತ್ತು ಬೆನ್ನು, ಮೂವತ್ತೆಂಟು ಮನೆ. ಹತ್ತೊಂಬತ್ತು ಸಲ ಬಿ ಒತ್ತಿದ್ದೇನೆ. ಒಂದೊಂದಕ್ಕೂ ಲಾಗ್‌ನಲ್ಲಿ ನನ್ನ ಹೆಸರು, ಗಂಟೆ, ನಿಮಿಷ.

ಲಾಕರಿನಿಂದ ಈ ಪುಸ್ತಕ ತೆಗೆದುಕೊಂಡೆ. ಬರೆಯಲು ಬಾತ್‌ರೂಮಿಗೆ ಬಂದಿದ್ದೇನೆ.

ನವೆಂಬರ್ 10, ಸೋಮವಾರ. ಸಂಜೆ 7

ಶ್ರೀಕರ್‌ಗೆ ಹೇಳಿದೆ. ಮಾರ್ಕ್ಸ್ ಕಾರ್ಡ್ ಕೇಳದೆ ಕೆಲಸ ಕೊಟ್ಟವರು, ಅವರಿಗೆ ಹೇಳದೆ ಇನ್ಯಾರಿಗೆ ಹೇಳಲಿ. ಕೇಳಿದರು. ಬಾಗಿಲು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ಲಕ್ಷ ಪುಟ ಮುಗಿದಿದೆಯಂತೆ. ಒಂದು ಫೈಲು ತಪ್ಪು ಅಂದರೆ ದೆಹಲಿಯವರು ಎಲ್ಲವನ್ನೂ ಬಿಚ್ಚಿ ನೋಡುತ್ತಾರೆ. ಎಲ್ಲರೂ ಎಲ್ಲ ಬೆನ್ನಿಗೂ ಬಿ ಒತ್ತಿದವರೇ. ಕಾಂಟ್ರಾಕ್ಟ್ ಹೋಗುತ್ತದೆ, ಹನ್ನೆರಡೂ ಜನ ಮನೆಗೆ. 21ನೇ ತಾರೀಖು ಸೈನ್-ಆಫ್, ಕೆಲಸ ಮುಗಿಯಿತು ಅಂತ ಸಹಿ. ಅವತ್ತು ಮಧ್ಯಾಹ್ನ ಮೂರಕ್ಕೆ ಡಿಸ್ಕ್ ಅಳಿಸಿ ವಾಪಸ್ ಕಳಿಸುವುದು. ಮೂಲ ಕಾಗದ ಮುಟ್ಟಿದರೆ ಪುಡಿಯಾಗುವಂಥದ್ದಂತೆ, ಕಟ್ಟಿ ಇಟ್ಟುಬಿಟ್ಟಿದ್ದಾರೆ, ಯಾರಿಗೂ ತೆಗೆದು ಕೊಡುವುದಿಲ್ಲ. ನಾವು ಕಳಿಸಿದ್ದೇ ಇನ್ನು ಮುಂದೆ ಫೈಲು.

"ಯಾರ ಲಾಗಿನ್ ಅದು ಅಂತ ಗೊತ್ತಲ್ಲಮ್ಮ," ಅಂದರು. "ಅಗ್ರಿಮೆಂಟ್ ಓದಿದ್ದೀಯಲ್ಲ? ದಾಖಲೆ ಹಾಳು ಮಾಡಿದ್ರೆ ಕೇಸ್ ಯಾರ ಮೇಲೆ ಅಂತ."

ಓದಿರಲಿಲ್ಲ. ಈಗ ಓದಿದೆ. ಪೊಲೀಸ್ ಅನ್ನುವ ಪದ ಮೂರು ಸಲ ಇದೆ.

ಹೋದ ವರ್ಷದ್ದೇ ಮತ್ತೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ದಿನ ಎಕ್ಸಾಮಿನರ್ ಕೇಳಿದರು, ಕ್ಲಾಸಿನವರೆಲ್ಲ ರೀಡಿಂಗ್ ಹಳೇ ರೆಕಾರ್ಡಿಂದ ಇಳಿಸಿದ್ದಾ ಅಂತ. ಹೌದು ಅಂದೆ. ಮೂವತ್ತೊಂದು ಹುಡುಗಿಯರ ಮಾರ್ಕ್ಸ್ ತಡೆದರು. ಮರುದಿನ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅದರ ಮರುದಿನ ನಾನೂ ಕೂರಲಿಲ್ಲ.

ಈ ಸಲ ಹನ್ನೊಂದು ಜನ. ಸುಭಾಷ್ ಮೊನ್ನೆ ತಾನೇ ತಂಗಿಯನ್ನು ಊರಿಂದ ಓದಿಸಲು ಕರೆಸಿಕೊಂಡಿದ್ದಾನೆ.

ನವೆಂಬರ್ 11. ಸಂಜೆ 6:10, ಸಾರಕ್ಕಿ ಬಸ್ ಸ್ಟಾಪ್

ಫೋನು, ಬ್ಯಾಗು ಲಾಕರಿನಲ್ಲಿಡಬೇಕು, ಕೆಲಸದ ಕೋಣೆಯೊಳಗೆ ಪೆನ್ನು ಕಾಗದ ತರುವಂತಿಲ್ಲ. ಆದರೆ ತಲೆ ಒಳಗೇ ಇರುತ್ತದಲ್ಲ. ಊಟದ ಹೊತ್ತಲ್ಲಿ ಆರು ಮನೆ ಬಾಯಿಪಾಠ ಮಾಡಿದೆ. ಮರೆಯುವ ಮುಂಚೆ —

113. ಹೊಳೆಯಪ್ಪ. ಜನ ಏಳು. ಕಾಯಿಲೆಯಲ್ಲಿ ಹೋದವರು ಒಬ್ಬರು.
114. ದುರುಗವ್ವ. ಜನ ಮೂರು. ಹೋದವರು ಇಲ್ಲ. ಮಗ್ಗ ಒಂದು.
115. ಮನೆ ಬೀಗ. ಎಲ್ಲರೂ ಹೋದರು.
116. ಸಣ್ಣ ಹನುಮ. ಜನ ಐದು.
117. ಇವನ ತಮ್ಮ. ಹೆಸರು ಕೇಳಲಾಗಿ ಹೇಳಲಿಲ್ಲ.
118. ಬಾಳವ್ವ. ಜನ ಇಬ್ಬರು. ಆಡು ಒಂದು.

ಬಸ್ ಬಂತು.

ನವೆಂಬರ್ 13, ಗುರುವಾರ

ನಿನ್ನೆ ಏಳು, ಇವತ್ತು ಆರು. 131ರವರೆಗೆ ಆಯಿತು. ಈ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿದ್ದೇನೆ.

ಶ್ರೀಕರ್ ಹಿಂದೆ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಹಾಗೇ ತಿರುಗಿ ಹೋದರು. ಅವರ ಚಪ್ಪಲಿ ಸದ್ದು ಮಾಡುವುದಿಲ್ಲ ಅಂತ ಇಷ್ಟು ದಿನ ಗಮನಿಸಿರಲಿಲ್ಲ.

ನವೆಂಬರ್ 14. ಮಧ್ಯಾಹ್ನ 1:15

ಹಾಲಗುಂದಿಯ ಫೋಲ್ಡರ್ ತೆರೆಯುತ್ತಿಲ್ಲ. "ನಿಮಗೆ ಅನುಮತಿ ಇಲ್ಲ." ಉಳಿದವರಿಗೆ ತೆರೆಯುತ್ತಿದೆ.

ನವೆಂಬರ್ 19, ಬುಧವಾರ. ಬೆಳಿಗ್ಗೆ 6

ನಾಲ್ಕು ದಿನ ಬರೆಯಲಿಲ್ಲ. ಈ ಪುಸ್ತಕ ಅಟ್ಟದ ಮೇಲೆ ಹಳೇ ಮಿಕ್ಸಿ ಡಬ್ಬದಲ್ಲಿತ್ತು.

14ನೇ ತಾರೀಖು ಸಂಜೆ ಮನೆಗೆ ಬಂದರೆ ಅಮ್ಮ ಹುಳಿಗೆ ತರಕಾರಿ ಹೆಚ್ಚುತ್ತಾ ಹೇಳಿದರು, ನಿಮ್ಮ ಶ್ರೀಕರ್ ಫೋನ್ ಮಾಡಿದ್ದರು, ತುಂಬಾ ಮರ್ಯಾದಸ್ಥರು ಅಂತ. ಮಗಳು ಮನೆಯಲ್ಲಿ ಆಫೀಸಿಂದು ಏನಾದರೂ ಬರೆಯುತ್ತಾಳಾ ಎಂದು ಕೇಳಿದರಂತೆ. ನೀವೇನಂದಿರಿ ಅಂದೆ. "ಡೈರಿ ಬರೀತಾಳೆ ಅಂದೆ. ಒಳ್ಳೆ ಅಭ್ಯಾಸ ಅಂದ್ರು."

ಅವತ್ತಿನಿಂದ ಗೇಟಿನ ಹತ್ತಿರ ಬೈಕ್ ನಿಂತರೆ ಕಿಟಕಿಯಲ್ಲಿ ಇಣುಕುತ್ತೇನೆ. ಎದುರು ಮನೆಯ ಕೊರಿಯರ್. ಹಾಲಿನವನು. ಎಲ್ಲ ಅವರೇ, ದಿನಾ ಬರುವವರೇ. ಆದರೂ. ಹರಿದು ಒಲೆಗೆ ಹಾಕಿಬಿಡೋಣ ಅನ್ನಿಸಿತ್ತು, ಭಾನುವಾರ ಎರಡು ಸಲ. ಗ್ಯಾಸ್ ಹಚ್ಚಿಯೂ ನಿಂತಿದ್ದೆ.

117ರ ತಮ್ಮ ಹೆಸರು ಹೇಳಿರಲಿಲ್ಲ. ಅವನಿಗೂ ಹೀಗೇ ಹೆದರಿಕೆ ಆಗಿತ್ತೇನೋ, ಬರೆದುಕೊಂಡು ಹೋಗಲು ಬಂದವರನ್ನು ಕಂಡು.

ನಾಡಿದ್ದು ಶುಕ್ರವಾರ.

ನವೆಂಬರ್ 20, ಗುರುವಾರ. ಬೆಳಿಗ್ಗೆ 8:40, ಆಫೀಸ್ ಮೆಟ್ಟಿಲು

ಪುಸ್ತಕ ಬ್ಯಾಗಿನಲ್ಲಿ ತಂದೆ. ಕೆಂಚವ್ವ ಮೆಟ್ಟಿಲು ಒರೆಸುತ್ತಿದ್ದರು. ಅವತ್ತು ನಾನು ಇಲ್ಲ ಅಂದದ್ದು ಸುಳ್ಳು ಅಂದೆ. ಸುಳ್ಳಲ್ಲ, ನೋಡದೆ ಹೇಳಿದ್ದು. ನಿಮ್ಮ ಓಣಿ ಇತ್ತು, ನಾನೇ ತೆಗೆದದ್ದು, ಈ ಬೆರಳಿಂದ. ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಬಟ್ಟೆ ಹಿಂಡಿ ಬಕೆಟ್ ಅಂಚಿಗೆ ಹಾಕಿ ಕೂತರು. "ಓದು," ಅಂದರು.

ಓದಿದೆ. ಒಂದೊಂದು ಹೆಸರಿಗೂ ತಲೆ ಆಡಿಸಿದರು, ಪರಿಚಯದವರನ್ನು ಕಂಡಂತೆ. 121ಕ್ಕೆ ಬಂದಾಗ ತಲೆ ಎತ್ತಿ ಅವರನ್ನು ನೋಡಿದೆ. ಬಾಯಿಪಾಠ ಮಾಡುವಾಗಲೂ ಅದೊಂದನ್ನು ಬೇಗ ದಾಟಿಸಿದ್ದೆ.

"121. ಕೆಂಚವ್ವ, ವಿಧವೆ. ಮಕ್ಕಳು ನಾಲ್ಕು. ಹೋದವರು ಇಬ್ಬರು."

"ನಮ್ಮಪ್ಪನ ಅಜ್ಜಿ," ಅಂದರು. "ಆಕೀ ಹೆಸರೇ ನನಗಿಟ್ಟಾರ." ಆಮೇಲೆ ಕೇಳಿದರು. "ನೀ ಬರಕೊಂಡದ್ದು ಕೋರ್ಟಿನಾಗ ನಡೀತೈತೇನು?"

ಇಲ್ಲ ಅಂದೆ. ಡಿಸ್ಕಿನಲ್ಲಿರುವುದು ನಡೆಯುತ್ತದೆ. ನಾಳೆ ಮೂರು ಗಂಟೆಯವರೆಗೆ ಇರುತ್ತದೆ.

"ಮತ್ತ ನನಗ್ಯಾಕ ಓದಿ ಹೇಳಿದಿ?"

ಬಕೆಟ್ ಎತ್ತಿಕೊಂಡು ಮೇಲೆ ಹೋದರು. ನಾನು ಇಲ್ಲೇ ಕೂತಿದ್ದೇನೆ. ನಿಜ ಹೇಳಿದ್ದು ಯಾರಿಗೆ? ಏನೂ ಮಾಡಲಾಗದವರಿಗೆ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು.

ನವೆಂಬರ್ 21, ಶುಕ್ರವಾರ. ಬೆಳಿಗ್ಗೆ 8:52

ಕಳಿಸಿದೆ.

ಡಿಸ್ಕಿನ ಪೆಟ್ಟಿಗೆಯ ಮೇಲೆ ದೆಹಲಿಯ ಇಮೇಲ್ ಇತ್ತು, ಅದಕ್ಕೆ. ಫೈಲ್ ನಂಬರ್. ಹತ್ತೊಂಬತ್ತು ಪುಟ. ಬಿ ಒತ್ತಿದ್ದು ನಾನು, ನೋಡದೆ. ಬೆನ್ನು ನೋಡದಿರುವುದು ಇಲ್ಲಿ ಎಲ್ಲರ ಅಭ್ಯಾಸ — ಈ ಸಾಲು ಮೂರು ಸಲ ಅಳಿಸಿ ಮೂರು ಸಲ ಬರೆದೆ. ಬಿಟ್ಟರೆ ಪತ್ರ ಅರ್ಧ ನಿಜ. ದಯವಿಟ್ಟು ಇವತ್ತು ಡಿಸ್ಕ್ ಅಳಿಸಲು ಬಿಡಬೇಡಿ. ಕೆಳಗೆ ಪೂರ್ತಿ ಹೆಸರು, ಅಡ್ರೆಸ್.

ಸುಭಾಷ್‌ಗೂ ಹೇಳಿದೆ. ಮುಖ ನೋಡಿದ. "ನನ್ನ ಕೇಳಿ ಮಾಡ್ಬಾರದಿತ್ತಾ ಮಗಾ?" ಕೇಳಿದ್ದರೆ ಬೇಡ ಅನ್ನುತ್ತಿದ್ದ. ಅದಕ್ಕೇ ಕೇಳಲಿಲ್ಲ. ಅದನ್ನೂ ಹೇಳಿದೆ.

ಮಧ್ಯಾಹ್ನ 2:20

ಉತ್ತರ ಇಲ್ಲ. ಡಿಸ್ಕ್ ಶ್ರೀಕರ್ ಟೇಬಲ್ ಮೇಲಿದೆ, ಕೇಬಲ್ ಹಾಕಿದ್ದಾರೆ. ಸುಭಾಷ್ ಕುರ್ಚಿ ಆ ಕಡೆ ಸರಿಸಿಕೊಂಡಿದ್ದಾನೆ. ಪುಸ್ತಕ ಟೇಬಲ್ ಮೇಲೇ ಇಟ್ಟು ಬರೆಯುತ್ತಿದ್ದೇನೆ, ಯಾರೂ ಬೇಡ ಅನ್ನುತ್ತಿಲ್ಲ. ಅದೇ ಹೆಚ್ಚು ಹೆದರಿಕೆ.

2:41

ಲ್ಯಾಂಡ್‌ಲೈನ್. ಶ್ರೀಕರ್ ಕೂತೇ ಎತ್ತಿದರು, ಆಮೇಲೆ ಎದ್ದು ನಿಂತರು. ಯೆಸ್ ಸಾರ್. ಯೆಸ್ ಸಾರ್. ನೋ ಸಾರ್, ನಾಟ್ ಯೆಟ್.

ನನ್ನ ಕಡೆ ನೋಡುತ್ತಿದ್ದಾರೆ.

2:55

ಕೇಬಲ್ ತಂದು ನನ್ನ ಸಿಸ್ಟಮ್‌ಗೆ ಹಾಕಿದರು. "ಡಿಸ್ಕ್ ಅಳಿಸ್ಬಾರದಂತೆ. ಎಲ್ಲಾ ಬೆನ್ನೂ ಲೈನಲ್ಲೇ ಓದಿಸ್ಬೇಕಂತೆ. ಓದು. ಸೋಮವಾರದಿಂದ ಯಾರೂ ಬರೋ ಹಾಗಿಲ್ಲ, ಅದನ್ನೂ ಹೇಳಿದ್ರು." ರಿಸೀವರ್ ನನ್ನ ಮುಂದೆ ಇಟ್ಟು ಕಿಟಕಿ ಹತ್ತಿರ ಹೋಗಿ ನಿಂತರು. ಹಿಂದೆ ಯಾರೋ ಬ್ಯಾಗ್ ಜಿಪ್ ಎಳೆದರು. ಪೊಲೀಸ್ ಬಗ್ಗೆ ಏನಾದರೂ ಹೇಳಿದರಾ ಅಂತ ಕೇಳಲಿಲ್ಲ.

ಫೋಲ್ಡರ್ ತೆರೆಯಿತು. ಲೈನಿನಲ್ಲಿ ಈಗ ದೆಹಲಿಯ ಆಫೀಸಿನ ಒಬ್ಬ ಹೆಂಗಸು, ಕನ್ನಡದವರೇ, ನಿಧಾನ ಓದಿ ಅನ್ನುತ್ತಿದ್ದಾರೆ, ಬರೆದುಕೊಳ್ಳುತ್ತಿದ್ದಾರೆ. ನಾನೂ ಬರೆದುಕೊಳ್ಳುತ್ತೇನೆ. 113ರಿಂದ 131 ನೋಡದೆಯೇ ಬಂತು. ಬಾಗಿಲಲ್ಲಿ ಕೆಂಚವ್ವ ನಿಂತಿದ್ದಾರೆ. ಇನ್ನು ಮುಂದಿನದು ನಾನೂ ಓದಿಲ್ಲ.

132. ಪೆನ್ಸಿಲ್ ಬಹಳ ಮಸುಕು. ಜನ ಆರು. ಹೆಸರು —