ಅತ್ತಿಯವರ ಕೈ ಓಡೋ ಲೈನು

ರಾಣೇಬೆನ್ನೂರು
ದಿ. 12-11-2008, ಬುಧವಾರ

ಪ್ರೀತಿಯ ನಮ್ಮನಿಯವರಿಗೆ ನಿಮ್ಮ ನೀಲಾ ಮಾಡುವ ನಮಸ್ಕಾರಗಳು.

ಆರಾಮ ಅದೀರಿ ಅಂತ ತಿಳದೇನಿ. ಜಾಮನಗರದಾಗ ಥಂಡಿ ಶುರುವಾಗಿರಬೇಕು. ವೆಲ್ಡಿಂಗ್ ಕಿಡಿ ಬಿದ್ದ ಮುಂಗೈ ಗಾಯ ಮಾಯ್ತೋ ಇಲ್ಲೋ, ಮುಲಾಮು ಹಚ್ಚಾಕತ್ತೀರೋ ಇಲ್ಲೋ, ಅದನ್ನ ಮೊದಲ ಬರೀರಿ. ಶೇಂಗಾ ಚಟ್ನಿ ಮುಟ್ಟೈತೇನು? ಗೆಳೆಯರಿಗೆಲ್ಲಾ ಹಂಚಿ ನೀವು ಖಾಲಿ ಡಬ್ಬಿ ನೆಕ್ಕಬ್ಯಾಡ್ರಿ. ಶುಕ್ರವಾರಕ್ಕೊಮ್ಮೆ ಫೋನಿನ್ಯಾಗ ಮಾತಾಡ್ತೇವಲ್ಲ, ಮತ್ಯಾಕ ಪತ್ರ ಅಂತೀರಿ. ನಿಮ್ಮ ಫೋನ್ ಬಂದಾಗ ಅತ್ತಿಯವರು ನನ್ನ ಎದುರಿಗೇ ನಿಂತು ಮುಖಾ ಓದ್ತಾರ. ಹುಟ್ಟಾ ಕಿವಿ ಕೇಳದವರಿಗೆ ಕಣ್ಣಿನ್ಯಾಗ ಕಿವಿ ಇರ್ತಾವು ಅಂತ ನೀವ ಹೇಳ್ತಿದ್ರಿ. ಅವರ ಮುಂದ ಬಾಯಿಬಿಟ್ಟು ಹೇಳಾಕಾಗದ ಮಾತು ಒಂದೈತಿ, ಕಡೀಗೆ ಬರೀತೇನಿ. ಮೊದಲ ಇಂಟರ್ನೆಟ್ಟಿನ ಪುರಾಣ ಕೇಳ್ರಿ.

ಅತ್ತಿಯವರಿಗೆ ಫೋನ್ ಕೇಳಂಗಿಲ್ಲ, ಪತ್ರ ಓದಾಕ ಬರಂಗಿಲ್ಲ. ಅವರ ಕೈಮಾತು ಪೂರ್ತಿ ತಿಳಿಯೋದು ಈ ಭೂಮಿ ಮ್ಯಾಲೆ ನಿಮಗೊಬ್ಬರಿಗೇ. ನಾನು ಈ ಮನಿಗೆ ಬಂದು ಎರಡು ವರ್ಷ, ಅದರಾಗ ನೀವು ಗುಜರಾತಿಗೆ ಹೋಗಿ ಒಂದೂವರಿ. ನನಗ ತಿಳಿಯೋದು ಊಟ, ನೀರು, ಎಮ್ಮಿ, ಲಗೂ ಬಾ. ಮತ್ತ ಹುಬ್ಬು ಮುಟ್ಟಿಕೊಂಡ್ರ ನೀವು. ಸಣ್ಣಾವರಿದ್ದಾಗ ಕಟ್ಟಿಯಿಂದ ಬಿದ್ದು ಹುಬ್ಬು ಹರಕೊಂಡಿದ್ರಲ್ಲ, ಅದ ನಿಮ್ಮ ಹೆಸರು. ನೀವು ಮಾತು ಮುಗಿಸಿದ ಮ್ಯಾಲೆ ಅವರು ಮೊಬೈಲ್ ಇಸಕೊಂಡು ಕೆನ್ನಿಗೆ ಒತ್ತಿ ಹಿಡೀತಾರ, ಬೆಚ್ಚಗಿರತೈತಲ್ಲ ಅದಕ್ಕ. ಅದನ್ನ ನೋಡಿ ನೋಡಿನ, ಕ್ಯಾಮೆರಾ ಹಚ್ಚಿ ತಾಯಿ ಮಗನ್ನ ಎದುರಾಬದುರಾ ಕುಂದ್ರಸೇ ತೀರಬೇಕು ಅಂತ ಠರಾಯಿಸಿದ್ನಿ.

ಮೊದಲ ನಮ್ಮ ಓಣಿ ಕೇಬಲ್ಲಿನ ರುದ್ರಮುನಿ ಹತ್ರ ಹೋದ್ನಿ. ಟೀವಿ ವೈರಿನ್ಯಾಗ ನೆಟ್ಟೂ ಬರ್ತೈತಿ, ಆದ್ರ ಎಂಬತ್ತು ಚಾನೆಲ್ಲಿನ ಪ್ಯಾಕೇಜ್ ತಗೊಂಡವರಿಗಷ್ಟ ಕೊಡೋದು ಅಂದ. ಅದರಾಗ ಎಂಟು ಬರೇ ಹಾಡಿನ ಚಾನೆಲ್. ಅತ್ತಿಯವರಿಗೆ ಹಾಡು ಕೇಳಸಾಕ ಹೊಂಟಾನ, ಶಾಣ್ಯಾ. ಆದ್ರೂ ಇರ್ಲಿ ಅಂತ ನನ್ನ ತಮ್ಮ ಶಂಕ್ರಪ್ಪನ್ನ ಬ್ಯಾಡಗಿ ಸೈಬರ್ ಅಂಗಡ್ಯಾಗ ಕುಂದ್ರಿಸಿ, ಅತ್ತಿಯವರನ್ನ ರುದ್ರಮುನಿ ಆಫೀಸಿಗೆ ಕರಕೊಂಡು ಹೋಗಿ ಪರೀಕ್ಷಾ ಮಾಡಿದ್ನಿ. ಅತ್ತಿಯವರು ಮಾತು ಶುರು ಮಾಡಿದ್ರು. ಶಂಕ್ರಪ್ಪ ಅಲ್ಲಿಂದ, "ಅಕ್ಕಾ, ಎತ್ತಿದ ಕೈ ಎತ್ತಿದಂಗ ಐತಿ, ಕೆಳಗ ಇಳೀವಲ್ದು" ಅಂದ. ರುದ್ರಮುನಿ ಮಾತ್ರ, "ಧ್ವನಿ ಕೇಳ್ರಿ ಅಕ್ಕಾರ, ಗುಡಿ ಗಂಟಿ ಬಾರಿಸಿದಂಗ ಐತಿ" ಅಂತಾನ. ನಮಗ ಗಂಟಿ ಬ್ಯಾಡೋ ಮಾರಾಯಾ, ಕೈ ಓಡಬೇಕು ಅಂದ್ನಿ. ನಕ್ಕ. ಊರಿಗೆ ಬಂದಾಕಿ ನೀರಿಗೆ ಬರದ ಎಲ್ಲಿ ಹೋಗ್ತಾಳ ಅನ್ನೋ ನಗಿ ಅದು.

ಸ್ಟೇಷನ್ ಕಡೆ ಇನ್ನೊಬ್ಬಾಂವ ಅದಾನ, ದುರುಗೇಶ. ಅವನ ಆಫೀಸಿನ್ಯಾಗ ಕೈ ಬೇಷ್ ಓಡ್ತು. ಆದ್ರ ಅವನ ವೈರು ನಮ್ಮ ಓಣಿ ಬಾಯಿಗೆ ಬಂದು ನಿಂತೈತಿ. ನಿನ್ನ ಓಣಿ ನಿನಗ, ನನ್ನ ಓಣಿ ನನಗ ಅಂತ ಇಬ್ಬರೂ ಮಾತಾಡಿಕೊಂಡಾರಂತ. "ರುದ್ರಮುನಿಯಣ್ಣ ಹೂಂ ಅಂದ್ರ ನಾಳೇನ ಎಳೀತೇನ್ರಿ" ಅಂದ. ರುದ್ರಮುನಿನ್ನ ಕೇಳಿದ್ರ, ಅವನ ವೈರು ನನ್ನ ಕಂಬಕ್ಕ ಬಂದ್ರ ಕತ್ತರಿಸಿ ಒಗೀತೇನಿ ಅಂದ. ಇಬ್ಬರ ಜಗಳದಾಗ ಕೂಸು ಬಡವಾತು. ನಿಮ್ಮಿಬ್ಬರ ವೈರೂ ನಿಮಗ ಇರ್ಲಿ, ಅರಬಿ ಒಣಹಾಕ್ರಿ ಅಂತ ಹೇಳಿ ಬಂದ್ನಿ.

ಉಳಿದದ್ದು ಟೆಲಿಫೋನ್ ಆಫೀಸು. ಮೂರು ಸಲ ಹೋದ್ನಿ. ನಿಮ್ಮ ಕಡೆ ಹೊಸ ಲೈನಿಗೆ ಜಾಗ ಖಾಲಿ ಇಲ್ಲ, ಹಳೇ ನಂಬರ್ ಇದ್ದವರಿಗಷ್ಟ ಬ್ರಾಡ್‌ಬ್ಯಾಂಡ್ ಅಂದ್ರು. ನಾಲ್ಕನೇ ಸಲ ಅತ್ತಿಯವರನ್ನೂ ಕರಕೊಂಡು ಹೋಗಿ ಸಾಹೇಬರ ಎದುರಿನ ಬೆಂಚಿನ ಮ್ಯಾಲೆ ಕುಂತ್ನಿ. ಮಧ್ಯಾಹ್ನ ಬುತ್ತಿ ಬಿಚ್ಚಿ ಅಲ್ಲೇ ಉಂಡ್ವಿ. ಸಾಹೇಬರಿಗೆ ಸಾಕಾಗಿ, "ತಂಗೀ, ನಿಮ್ಮ ಓಣ್ಯಾಗ ಯಾರದರೆ ಹಳೇ ಫೋನ್ ಐತೇನು ನೋಡು" ಅಂದ್ರು. ಆವಾಗ ನೆಂಪಾತು, ದೌಲತಬಿ ಚಾಚಿ ಎಸ್‌ಟಿಡಿ ಬೂತು. ಮೊಬೈಲ್ ಬಂದ ಮ್ಯಾಲೆ ಅಲ್ಲಿಗೆ ಯಾರೂ ಕಾಲಿಡವಲ್ರು, ಆದ್ರೂ ತೀರಿಹೋದ ಚಾಚಾನ ನೆಂಪಿಗೆ ಆಕಿ ನಂಬರ್ ಬಿಟ್ಟುಕೊಟ್ಟಿಲ್ಲ. ನಾನು ಕೇಳಿ ಮುಗಿಸೋದ್ರಾಗ ಚಾಚಿ ಅಂದ್ಲು, "ನಿಮ್ಮತ್ತಿ ಕರೆವ್ವ ಹದಿನೈದು ವರ್ಷ ನನ್ನ ಬೂತಿನ ಕಟ್ಟಿಗೆ ಕುಂತು ಮಂದಿ ಮಾತಾಡೋದು ನೋಡ್ಯಾಳವಾ. ಈಗ ಆಕೀದು ಪಾಳಿ."

ನಿನ್ನೆ ಚಾಚಿ ಬೂತಿಗೆ ಲೈನ್ ಬಂತು. ಶಂಕ್ರಪ್ಪ ತನ್ನ ಹಳೇ ಕಂಪ್ಯೂಟರ್ ಬಸ್ಸಿನ ಮ್ಯಾಲೆ ಹಾಕಿ ಕಳಿಸಿದ್ದ. ಬೂತಿನ ಬಾಗಲಾ ಹಾಕಿದ್ರ ಅತ್ತಿಯವರ ಮೊಣಕೈ ಆಡವಲ್ವು, ಅದಕ್ಕ ಬಾಗಲಾನ ಕಿತ್ತು ಹೊರಗ ಇಟ್ಟೇನಿ. ಮೊದಲ ಕ್ಯಾಮೆರಾದಾಗ ಬರೇ ಮುಖಾ ಬಂತು, ಸ್ಟೂಲ್ ಹಿಂದ ಸರಿಸಿದ ಮ್ಯಾಲೆ ಕೈ ಎರಡೂ ಕಂಡ್ವು. ಎಲ್ಲೂ ನಿಲ್ಲಲಿಲ್ಲ ನೋಡ್ರಿ. ಬ್ಯಾಡಗಿ ಸೈಬರಿನಿಂದ ಶಂಕ್ರಪ್ಪ ಪರದೆ ಮ್ಯಾಲೆ ಕಂಡದ್ದ ತಡ, ಅತ್ತಿಯವರು ಹುಬ್ಬು ಮುಟ್ಟಿಕೊಂಡು ಕಂಪ್ಯೂಟರಿನ ಹಿಂದ ಹೋಗಿ ಹಣಿಕಿ ಹಾಕಿದ್ರು. ನಾನು ಮಾರಿ ತಿರುವಿ ಅತ್ನಿ, ಸುಳ್ಳ್ಯಾಕ ಹೇಳ್ಲಿ.

ಈ 23ನೇ ತಾರೀಖು ಭಾನುವಾರ ಸಂಜೀ ನಾಲ್ಕಕ್ಕ ಅಲ್ಲಿ ಕ್ಯಾಮೆರಾ ಇರೋ ಸೈಬರಿನ್ಯಾಗ ಕುಂದ್ರಿ. ಸೊಂಟದ ಮಟ ಕಾಣೂ ಹಂಗ ಹಿಂದ ಸರಿದು ಕುಂದ್ರಿ. ಮುಂಗೈಗೆ ಪಟ್ಟಿ ಇದ್ರ ಬಿಚ್ಚಿ ಬರ್ರಿ, ಇಲ್ಲಂದ್ರ ಅವರು ಮೊದಲ ಅದನ್ನ ಕೇಳ್ತಾರ. ರುದ್ರಮುನಿ ಈಗ ದಿನಾ ಬಂದು ಅರ್ಧಾ ರೇಟಿಗೆ ಕೊಡ್ತೇನಿ ಅಂತಾನ. ಬರ್ಲಿ, ಚಾ ಕುಡದು ಹೋಗ್ಲಿ.

ದೌಲತಬಿ ಚಾಚಿ ದುವಾ ಹೇಳ್ಯಾಳ. ಅತ್ತಿಯವರ ಆಶೀರ್ವಾದ ಈ ಸಲ ನಾನು ಬರಿಯಂಗಿಲ್ಲ, ಅವರ ಕೈಯಿಂದನ ತಗೋರಿ.

ಭಾನುವಾರದ ಹಾದಿ ಕಾಯೋ,
ನೀಲಾ

ತಾ.ಕ.: ಟಪಾಲ ಡಬ್ಬಿ ತಗಿಯೋ ಹೊತ್ತಾತು, ಲಗೂ ಬರೀತೇನಿ. 'ಅವ್ವ ಏನಂತಾಳ' ಅಂತ ನೀವು ಕೇಳಿದಾಗೆಲ್ಲಾ 'ಆರಾಮ ಅದೇನಿ ಅಂತಾರ' ಅಂತ ಹೇಳ್ತಿದ್ನಿ. ಅದು ನನ್ನ ಮಾತು, ಅವರದಲ್ಲ. ದೀಪಾವಳಿ ಮುಂದ ಹೊಟ್ಟಿನೋವು ಜಾಸ್ತಿ ಆಗಿ ಹಾವೇರಿಗೆ ಕರಕೊಂಡು ಹೋಗಿದ್ನಿ. ಗರ್ಭಚೀಲದಾಗ ಗಡ್ಡಿ ಐತಿ, ಈಗ ತಗದ್ರ ಚಿಂತಿ ಇಲ್ಲ, ಬಿಟ್ರ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರು. 27ಕ್ಕ ಆಪರೇಷನ್. ಒಪ್ಪಿಗಿ ಕಾಗದಕ್ಕ ಹೆಬ್ಬೆಟ್ಟು ಒತ್ತರಿ ಅಂದ್ರ ಇವರು ಮುಷ್ಟಿ ಬಿಗಿದ್ರು. ಹುಬ್ಬು ಮುಟ್ಟಿ ಮುಟ್ಟಿ ಎಷ್ಟೋ ಹೊತ್ತು ಹೇಳಿದ್ರು. "ಏನಂತಾರಮ್ಮಾ?" ಅಂತ ಡಾಕ್ಟರು ಕೇಳಿದ್ರ, ನಿಮ್ಮ ಹೆಸರು ಬಿಟ್ರ ನನಗ ಒಂದೂ ತಿಳಿದಿಲ್ಲ ಅಂದ್ನಿ. ಹೊರಗ ಬಂದು ನನ್ನ ಬಾಯಿ ಮುಚ್ಚಿ, ನನ್ನ ಕೈ ತಮ್ಮ ತಲಿ ಮ್ಯಾಲೆ ಇಟ್ಕೊಂಡು ನಿಮಗ ಹೇಳದಂಗ ಆಣಿ ತಗೊಂಡ್ರು. ಆ ಆಣಿ ಇವತ್ತು ಮುರದೇನಿ. ಸಂಕ್ರಾಂತಿ ಮಟ ನಿಮಗ ರಜಾ ಇಲ್ಲ, ಗಡ್ಡಿ ಅಲ್ಲೀತನ ಕಾಯಂಗಿಲ್ಲ. ಭಾನುವಾರ ಬ್ಯಾರೆ ಮಾತು ಆಮ್ಯಾಲೆ, ಮೊದಲ ಯಾಕ ಒಲ್ಲಿ ಅಂತ ಕೇಳ್ರಿ, ತಿಳಿಸಿ ಹೇಳ್ರಿ. ಕಾಗದಾ, ಹೆಬ್ಬೆಟ್ಟಿನ ಮಸಿ ಡಬ್ಬಿ ಎರಡೂ ಬೂತಿನ್ಯಾಗ ಕಂಪ್ಯೂಟರಿನ ಬಾಜೂಕ ಇಟ್ಟೇನಿ.